ಟಿ, ಇ, ಎ

ಅಪ್ಪಾ,

ಡ್ಯೂಟಿಗೆ ಹೊರಟೆ. ತಿಂಡಿ ಮುಚ್ಚಿಟ್ಟಿದ್ದೀನಿ. ಮಾತ್ರೆ ನುಂಗಿ, ಹೂಕುಂಡಕ್ಕೆ ಹಾಕಬೇಡಿ.

ಲಕ್ವ ಹೊಡೆದು ನಾಲ್ಕು ತಿಂಗಳಾದ ಮೇಲೆ ನಿನ್ನೆ ನಿಮ್ಮ ಬಾಯಿಂದ ಮೊದಲ ಮಾತು ಬಂತು: "ಟೀ." ನಾನು ಪೆದ್ದಿ, ಅಳ್ತಾ ಅಡುಗೆಮನೆಗೆ ಓಡಿ ಟೀ ಮಾಡಿ ತಂದೆ. ನೀವು ಲೋಟ ಪಕ್ಕಕ್ಕೆ ತಳ್ಳಿ, ಪೇಪರಿನಲ್ಲಿ ಬರುವ, ಕೊಟ್ಟ ಅಕ್ಷರಗಳಿಂದ ಪದ ಕಟ್ಟುವ ಇಂಗ್ಲಿಷ್ ಆಟದಲ್ಲಿ ಟಿ, ಇ, ಎ ಮೂರನ್ನೂ ಬೆರಳಿಟ್ಟು ತೋರಿಸಿದಿರಿ. ಮೇಷ್ಟ್ರು ಅಂದ್ರೆ ಮೇಷ್ಟ್ರೇ!

ಇವತ್ತಿನ ಆಟ ಮೇಜಿನ ಮೇಲಿದೆ: ಜಿ, ಎ, ಆರ್, ಡಿ, ಇ, ಎನ್. ನನಗೆ ಹೊಳೆದದ್ದು ರೆಡ್, ಎಂಡ್ ಎರಡೇ, ಬೈಕೊಳ್ಳಿ. ನಿಮಗೆ ಸಿಕ್ಕಿದ್ದನ್ನೆಲ್ಲ ಎಡಗೈಯಲ್ಲೇ ಬರೆದಿಡಿ, ಕೋಳಿ ಕೆದರಿದ ಹಾಗಿದ್ದರೂ ಪರವಾಗಿಲ್ಲ.

ಸಂಜೆ ಒಂದೊಂದೇ ಪದ ಬಾಯಿಬಿಟ್ಟು ಓದಿ ಹೇಳಬೇಕು. ಒಂದು ಪದಕ್ಕೆ ಒಂದು ಗಂಟೆ ಹಿಡಿದರೂ ಸರಿ, ನಾನು ಎದ್ದು ಹೋಗಲ್ಲ.

ನಿಮ್ಮ ದಡ್ಡ ಮಗಳು