ಮಂಗಳನ ಮೇಲೆ ಆಡಬಾರದ ಮಾತು

ಮಂಗಳಗ್ರಹ, ಕೆಮ್ಮಣ್ಣೂರು
ಕ್ರಿ.ಶ. 2391, ಹತ್ತೊಂಬತ್ತನೆಯ ತಿಂಗಳ ಮೊದಲ ದಿನ

ಭೂಮಿಯ ಹಿರಿಯರೇ,

ನಮ್ಮ ವರ್ಷ ಉದ್ದ, ತಿಂಗಳುಗಳೂ ಹೆಚ್ಚು. ತಾರೀಖು ನೋಡಿ ನಗಬೇಡಿ. ನಿಮಗೆ ತಿಳಿಯದ ಪದಗಳು ನುಸುಳಿದರೆ ಮನ್ನಿಸಿ. ನಾನು ಮರಿದೇವ, ಇಲ್ಲಿಯ ದನಿಗಾವಲಿನವನು; ಅಂದರೆ ಊರಿನವರ ದನಿ ಮುದ್ರಿಸಿ ಜೋಪಾನ ಮಾಡುವವನು. ಜೋಪಾನ ಎಂದು ಬರೆಯುವುದಕ್ಕೂ ಈಗ ನಾಚಿಕೆ.

ನಮ್ಮದು ಗಾಜಿನ ಸೂರಿನಡಿಯ ಬದುಕು. ರಾಗಿಯನ್ನು ತಟ್ಟೆಗಳಲ್ಲಿ ಬೆಳೆಯುತ್ತೇವೆ, ಮುದ್ದೆ ಮಾತ್ರ ನಿಮ್ಮದೇ. ಗಾಳಿ ತಯಾರಿಸುವ 'ಉಸಿರುಮನೆ'ಯಿಂದ ಹಿಡಿದು ಎಲ್ಲ ಯಂತ್ರಗಳಿಗೂ ನಿಮ್ಮ ಕಾಲದ ಪರ್ಲ್ ಎಂಬ ಗಣಕಭಾಷೆಯಲ್ಲೇ ಆಜ್ಞೆ ಬರೆಯುತ್ತೇವೆ. ಮತ್ತೊಂದು ಕಟ್ಟಳೆ ಉಂಟು: ಮಂಗಳನ ಮೇಲೆ ಅಮಂಗಳ ನುಡಿಯಬಾರದು. ಅಕ್ಕಿ ಮುಗಿದರೆ ನೀವು "ತುಂಬಿದೆ" ಅನ್ನುತ್ತಿದ್ದಿರಂತೆ; ನಾವು ಗಾಳಿಗೂ ಹಾಗೇ ಅನ್ನುತ್ತೇವೆ.

ನನ್ನ ಸೋದರತ್ತೆ ಪುಟ್ಟನಂಜಿಗೆ ಎದೆ ಕೆಟ್ಟಿತ್ತು. ತನ್ನ ಬಸುರಿ ಮಗಳು ಹೊಂಬಾಳೆಯ ಕೂಸಿಗೆಂದು ಜೋಗುಳ ಹಾಡಲು ನನ್ನ ಯಂತ್ರದ ಮುಂದೆ ಬಂದು ಕೂತಳು. ದನಿ ಕೂಡಿಡುವ ಕಡತ ತೆರೆಯುವ ಆಜ್ಞೆಯ ಸಾಲಿನ ಕೊನೆಗೆ, ಪರ್ಲಿನ ವಾಡಿಕೆಯಂತೆ, 'ಇಲ್ಲವಾದರೆ ಸಾಯಿ' ಎಂದು ಬರೆದಿದ್ದೆ. ಕಡತ ತೆರೆಯದಿದ್ದರೆ ಕೂಗಿ ಹೇಳಿ ನಿಂತುಬಿಡು ಎಂದಷ್ಟೇ ಅದರ ಅರ್ಥ. ಅದೇನು ಎಂದು ಅತ್ತೆ ಕೇಳಿದಳು, ನಾನು ಪೆದ್ದನಂತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಥೂ, ಬಿಡ್ತು ಅನ್ನೋ! ಹುಟ್ಟೋ ಕೂಸಿಗೆ ಹಾಡಾಕ್ ಕೂತಿದ್ರೆ ಸಾಯೋ ಮಾತು ಬರೀತೀಯಲ್ಲೋ. ಅಳಿಸು ಮೊದ್ಲು!"

"ಬಿಡ್ತು" ಎಂದೆ. ಅಳಿಸಿದೆ.

ಅಷ್ಟಕ್ಕೇ ಕೆಡುತ್ತಿರಲಿಲ್ಲ. ಕಡತ ಯಂತ್ರದೊಳಗೆ ಎಲ್ಲಿ ಕೂರಬೇಕು ಎಂಬ ಹಾದಿ ಬರೆಯುವ ಜಾಗದಲ್ಲಿ ನಾನು ಜಾಲದ ವಿಳಾಸ ಬರೆದಿದ್ದೆ. ವಿಳಾಸವೆಂದರೆ ಕೇಳುವವರು ಬಂದು ಬಡಿಯುವ ಕದ. ಹಾದಿಯೆಂದರೆ ಒಳಗಿನ ಅಟ್ಟ. ಕದಕ್ಕೆ ಮೂಟೆ ಒರಗಿಸಿ ಅಟ್ಟಕ್ಕೇರಿಸಿದೆ ಎಂದುಕೊಂಡ ಮೂರ್ಖ ನಾನು. ಯಂತ್ರಕ್ಕೆ ಕಡತ ತೆರೆಯಲಾಗಲಿಲ್ಲ. ಕೂಗು ಎನ್ನುವ ಮಾತನ್ನು ಅಳಿಸಿದ್ದರಿಂದ ಕೂಗಲೂ ಇಲ್ಲ. ಅತ್ತೆ ಕೆಮ್ಮಿ ಕೆಮ್ಮಿ ಹಾಡಿದಳು, ನಡುವೆ ಮಗಳನ್ನು ಬೈದಳು, ನಕ್ಕಳು. ಕೊನೆಗೆ 'ಮುಗಿಯಿತು' ಎಂದು ತೆರೆಯ ಮೇಲೆ ಬಂತು, ನಾನು ಯಂತ್ರ ಆರಿಸಿದೆ. ಒಮ್ಮೆಯೂ ತೆರೆದು ನೋಡಲಿಲ್ಲ; ಅವಳ ದನಿ ಒಂದಿಷ್ಟೂ ಉಳಿದಿರಲಿಲ್ಲ. ತಿಂಗಳೊಳಗೆ ಅತ್ತೆ ತೀರಿಕೊಂಡಳು.

ತಪ್ಪು ಅವಳದಲ್ಲ. ಅವಳು ಅಳಿಸು ಎಂದಳಷ್ಟೇ. ಹಾದಿ ತಪ್ಪಿ ಬರೆದವನು ನಾನು.

ಈಗ ಹೊಂಬಾಳೆಗೆ ಹೆಣ್ಣುಮಗು. ಇಂದು ತೊಟ್ಟಿಲ ಶಾಸ್ತ್ರ. ಯಂತ್ರ ರಿಪೇರಿಯಲ್ಲಿದೆ ಎಂದು ಇಷ್ಟು ದಿನ ಸುಳ್ಳು ಹೇಳಿದೆ. ಇಲ್ಲೇ ಇರುವವಳಿಗೆ ಹೇಳಲಾರದೆ, ಸತ್ತು ಮುನ್ನೂರು ವರ್ಷವಾದ ನಿಮಗೆ ಹೇಳಿಕೊಳ್ಳುತ್ತಿದ್ದೇನೆ. ಎಂಥ ಹೇಡಿ ನೋಡಿ! ಆ ಜೋಗುಳ ನಿಮ್ಮಲ್ಲಿ ಯಾರ ಬಾಯಲ್ಲಾದರೂ ಇದ್ದೀತು, ದಯವಿಟ್ಟು ಉಳಿಸಿ. ಆದರೆ ಹೊಂಬಾಳೆ ಕೇಳುತ್ತಿರುವುದು ಹಾಡನ್ನಲ್ಲ, ಅವ್ವನ ದನಿಯನ್ನು. ಅದನ್ನು ನೀವೂ ಕೊಡಲಾರಿರಿ.

ಅವಳು ಬಂದಳು. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ತಾನೂ ಪಕ್ಕದಲ್ಲಿ ಕೂತಿದ್ದಾಳೆ.

"ಹಾಕಿ ಭಾವ. ಇವಳಿಗಿಂತ ನಂಗೇ ಆತುರ."

ನಿಮಗೆ ಇಷ್ಟೇ. ಇನ್ನು ಅವಳ ಮುಖ ನೋಡಿ ಹೇಳಬೇಕು.