ಮಾತ್ರೆ ಇದೆಯಲ್ಲ ಎಂಬ ಧೈರ್ಯ

ಕೊಳ್ಳೇಗಾಲ
೧೪-೬-೨೦೨೫

ಮಗ ಬಸವೇಶನಿಗೆ,

ಲಡಾಖಿನ ಚಳಿಯಲ್ಲಿ ಜೆಸಿಬಿ ಓಡಿಸುವವನಿಗೆ ಬಿಸಿ ಊಟವಾದರೂ ಸಿಗುತ್ತಿದೆಯೇ? ಮೂಗಿನಲ್ಲಿ ರಕ್ತ ಬರುವುದು ನಿಂತಿತೇ? ಫೋನಿದ್ದೂ ಅಪ್ಪ ಕಾಗದ ಬರೆದನಲ್ಲ ಎಂದು ನಗಬೇಡ. ನಮ್ಮ ಮನೆಯ ಫೋನಿಗೆ ನಿನ್ನಮ್ಮನ ಕಿವಿ ಅಂಟಿಕೊಂಡೇ ಇರುತ್ತದೆ.

ನಿಮ್ಮಣ್ಣನ ಮಗಳು ಇಂಚರ ಕೆಮ್ಮದೆ ಮಲಗುವುದನ್ನು ನೀನು ನೋಡಿಯೇ ಇಲ್ಲ; ಹೊಸ ಮಾತ್ರೆ ಬಂದ ಮೇಲೆ ಹಾಗೆ ಮಲಗುತ್ತಾಳೆ. ಹುಟ್ಟಿದಾಗಿನಿಂದ ಬೆವರೆಲ್ಲ ಉಪ್ಪುಪ್ಪು, ಎದೆ ತುಂಬ ಅಂಟು ಕಫ. ಅದು ಸಿಸ್ಟಿಕ್ ಫೈಬ್ರೋಸಿಸ್ ಎಂದು ಗೊತ್ತಾಗುವಷ್ಟರಲ್ಲಿ ಮಗು ಸವೆದುಹೋಗಿತ್ತು. ಹಳೆಯ ಔಷಧಿಗಳು ಕಫ ಕರಗಿಸುತ್ತಿದ್ದವು, ಅಷ್ಟೇ. ಹೊರದೇಶದಿಂದ ತರಿಸುವ ಈ ಹೊಸ ಮಾತ್ರೆ, ಮೈಯೊಳಗೆ ಉಪ್ಪು ಹೋಗಿಬರುವ ಕೆಟ್ಟ ಬಾಗಿಲನ್ನೇ ರಿಪೇರಿ ಮಾಡುತ್ತದಂತೆ. ಜಿಡ್ಡಿನ ಜೊತೆ ನುಂಗಬೇಕು. ನಿನ್ನಮ್ಮ ತುಪ್ಪ ಸುರಿಯುವುದು ನೋಡಿದರೆ ಮಾತ್ರೆ ತಾನಾಗಿಯೇ ಜಾರಬೇಕು. ಆದರೆ ಯುಗಾದಿ ಕಳೆದ ಮೇಲೆ ಒಂದು ಸಲ ಪಾರ್ಸಲ್ ತಡವಾಯಿತು. ಡಬ್ಬಿ ಬರಿದಾಯಿತು, ಆ ಹಳೇ ಕೆಮ್ಮು ತಿರುಗಿ ಬಂತು. ನಮ್ಮ ಅರಿಶಿನದ ಮಂಡಿಯಲ್ಲಿ ಸರಕು ತೀರಿದರೆ ಬಾಗಿಲು ಹಾಕಿಕೊಂಡು ಮನೆಗೆ ಬರುತ್ತೇನೆ. ಇದಕ್ಕೆ ಯಾವ ಬಾಗಿಲು ಹಾಕಲಿ? ಮಾತ್ರೆ ಮತ್ತೆ ಬಂದು ಮಗು ಸುಧಾರಿಸಿತು. ನಾನು ಮಾತ್ರ ಇನ್ನೂ ಸುಧಾರಿಸಿಲ್ಲ.

ನಿನ್ನಮ್ಮನಿಗೋ ಭಯವೇ ಹೋಗಿಬಿಟ್ಟಿದೆ. ಯಳಂದೂರಿನ ತನ್ನ ತಮ್ಮನ ಕಿರಿಮಗಳು ಭವ್ಯಳನ್ನು ನಿನಗೇ ತರಬೇಕಂತೆ, ಶ್ರಾವಣದಲ್ಲಿ ಹೂ ಮುಡಿಸಬೇಕಂತೆ. ಅವಳ ಅಕ್ಕನನ್ನು ನಿಮ್ಮಣ್ಣನಿಗೆ ತಂದಾಗಲೂ ಸೋದರಮಾವನ ಮಗಳು ಎಂದೇ ಹಿಗ್ಗಿದೆವಲ್ಲ, ಇಬ್ಬರಲ್ಲೂ ಅಡಗಿದ್ದ ದೋಷ ಕೂಡಿ ಮಗುವಿಗೆ ಬಂತೆಂದು ಡಾಕ್ಟರು ಹೇಳಿದ್ದು ಮರೆತೆಯಾ ಎಂದೆ. "ಮಾತ್ರೆ ಬಂದದಲ್ಲ, ಇನ್ನೇನ್ ಬುಡಿ! ಅರಿಶ್ನುಕ್ಕೆ ಉಳ ಬೀಳ್ತದೆ ಅಂತ ನಿದ್ದೆಗೆಡೋರು ನೀವು" ಎಂದು ನನ್ನನ್ನೇ ಹಂಗಿಸಿದಳು.

ರಸ್ತೆಯ ಅಂಚಿಗೆ ಗಾಡಿ ಒಯ್ಯಬೇಡ. ಮಾದಪ್ಪ ನಿನ್ನ ಬೆನ್ನಿಗಿರಲಿ.

ನಿನ್ನಪ್ಪ,
ಪುಟ್ಟಮಾದಪ್ಪ

ಲಕೋಟೆ ಅಂಟಿಸುವ ಮುಂಚೆ: ಭವ್ಯ ಹೋದ ತಿಂಗಳೇ ಯಾರಿಗೂ ಹೇಳದೆ ನನ್ನೊಡನೆ ಮೈಸೂರಿಗೆ ಬಂದು ರಕ್ತ ಕೊಟ್ಟಳು. ಅವಳಲ್ಲೂ ಆ ದೋಷ ಅಡಗಿದೆ. "ಅವ್ರುದ್ದೂ ನೋಡ್ಬುಟ್ಟು ಯೋಳಿ ಮಾವ, ನಾ ಕಾಯ್ತೀನಿ" ಎಂದಳು. ನೀನೂ ಪರೀಕ್ಷೆ ಮಾಡಿಸು. ನಿನ್ನಲ್ಲಿ ಇಲ್ಲದಿದ್ದರೆ ನಾನೇ ಮುಂದೆ ನಿಂತು ಹೂ ಮುಡಿಸುತ್ತೇನೆ. ಇದ್ದರೆ, ಬೇಡವೆನ್ನುವ ಮಾತು ನನ್ನ ಬಾಯಿಂದಲೇ ಬರಲಿ, ನಿನ್ನಿಂದ ಬೇಡ. ರಿಪೋರ್ಟನ್ನು ಫೋನಿಗೆ ಕಳಿಸಬೇಡ, ಮಂಡಿಯ ವಿಳಾಸಕ್ಕೆ ಅಂಚೆಗೆ ಹಾಕು. ತನ್ನಂಥ ಮಗು ಹುಟ್ಟದಿರಲೆಂದು ನಾವು ರಕ್ತ ನೋಡಿಸುತ್ತಿರುವುದು ಆ ಮಗುವಿಗೆ ತಿಳಿಯಬಾರದು. ನನ್ನ ಫೋನು ಇಂಚರಳ ಕೈಯಲ್ಲೇ ಇರುತ್ತದೆ; ಅವಳಿಗೆ ಈಗ ಓದಲು ಬರುತ್ತದೆ.