ಬೂದಿಯೊಳಗಿನ ಅವರೆ

೨೭ ಜುಲೈ ೧೯೪೪, ಗುರುವಾರ. ಪೂರಿಗಾಲಿ.

ಅಡುಗೆಮನೆಯ ಮೂಲೆಯಲ್ಲಿ ಆ ಖಾಲಿ ಮಡಕೆ ಇನ್ನೂ ಬೋರಲಾಗಿ ಬಿದ್ದಿದೆ. ಎತ್ತಿಡಲು ಕೈ ಬರುತ್ತಿಲ್ಲ.

ಬೆಳಿಗ್ಗೆ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಬಂದಿದ್ದಳು. "ಮೇಷ್ಟ್ರೇ, ಸಾಕಕ್ಕ ಬೂದೀಲಿ ಮಡಗಿದ್ದ ಅವರೆ ಬಿತ್ನೇಲಿ ಒಂದು ಸೇರು ಕೊಡಿ. ರಾಗಿ ಸಾಲಿನ ನಡುವೆ ಆಕ್ಬೇಕು. ನಮ್ಮದ್ನ ಉಳ ತಿಂದ್ಬುಡ್ತು."

ಅದು ಬಿತ್ತನೆಯೆಂದು ನನಗೆ ತಿಳಿದದ್ದೇ ಆಗ. ಹೋದ ತಿಂಗಳು ಅಟ್ಟದ ಮೇಲೆ ಸಗಣಿಯಿಂದ ಬಾಯಿ ಮೆತ್ತಿದ ಮಡಕೆ ಸಿಕ್ಕಿತ್ತು. ಮುಚ್ಚಳ ಕಿತ್ತು, ಬೂದಿ ತೊಳೆದು, ಒಂದು ವಾರ ದಿನವೂ ಒಂದಿಷ್ಟು ನೆನೆಸಿ ಬೇಯಿಸಿಕೊಂಡು ಉಂಡು ಮುಗಿಸಿದ್ದೆ. ಹಾಗೆಂದೇ ಅವಳಿಗೆ ಹೇಳಿದೆ.

"ಬಿತ್ನೆ ಕಾಳ ಯಾರಾರೂ ಉಂಡಾರಾ ಮೇಷ್ಟ್ರೇ! ಬೂದಿ ನೋಡುದ್ರೆ ಗೊತ್ತಾಗ್ಬಾರ್ದಾ?"

ಮಕ್ಕಳಿಗೆ ವ್ಯವಸಾಯದ ಪಾಠ ಹೇಳುವವನು ನಾನು!

ನನ್ನನ್ನು ಮದುವೆಯಾಗಿ ಬಂದ ವರ್ಷ ಸಾಕಮ್ಮ ಆ ಬೀಜವನ್ನು ಬೆಳಕವಾಡಿಯ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳು. ಇಪ್ಪತ್ತೆರಡು ವರ್ಷವೂ ಮೊದಲು ಬಿತ್ತನೆಗೆ ಎತ್ತಿಟ್ಟು, ಉಳಿದದ್ದನ್ನಷ್ಟೇ ಒಲೆಗೆ ಹಾಕಿದಳು. ಯುಗಾದಿಗೆ ಮುಂಚೆ ತೀರಿಕೊಂಡಳು. ಒಣಗಿದ ಸಗಣಿಯ ಮೇಲೆ ಅವಳ ಬೆರಳಿನ ಗುರುತು ಇತ್ತು. ಕಂಡೂ ಕಿತ್ತೆ.

"ಗೊತ್ತಾಗಲಿಲ್ಲ ಕಣಮ್ಮ" ಎಂದೆ. ಅದು ನಿಜ. ಇನ್ನೊಂದು ನಿಜವನ್ನು ಚಿಕ್ಕಲಕ್ಷ್ಮಮ್ಮನಿಗೆ ಹೇಗೆ ಹೇಳಲಿ? ಆ ಕಾಳು ಬೇಯುವಾಗ ಮನೆಯಲ್ಲಿ ಸಾಕಮ್ಮನ ಅಡುಗೆಯ ವಾಸನೆ ಬರುತ್ತಿತ್ತು. ಅವಳು ಹೋದ ಮೇಲೆ ನಾನು ಹೊಟ್ಟೆತುಂಬ ಉಂಡದ್ದು ಆ ಒಂದು ವಾರ ಮಾತ್ರ.